ಶುಕ್ರವಾರದ ಗಾಡಿ

ಬೈರಿದೇವರಕೊಪ್ಪದ ಮಾಶಾಬಿಯ ಮೂಗಿಗೆ ಇಡೀ ಓಣಿ ಹೆದರುತ್ತಿತ್ತು. ಗಂಡ ಖಾದರಬಾಷಾ ಗೋವೆಯ ಬಂದರಿನಲ್ಲಿ ತಾಮ್ರದ ಟೊಪ್ಪಿಗೆ ಹಾಕಿಕೊಂಡು, ಕೊಳವೆಯಲ್ಲಿ ಗಾಳಿ ಎಳೆದುಕೊಳ್ಳುತ್ತ, ಸಮುದ್ರದ ತಳಕ್ಕಿಳಿದು ಕೆಲಸ ಮಾಡುವವನು. ಗೋವೆಯೆಂದರೆ ಫೆನ್ನಿ, ಫೆನ್ನಿಯೆಂದರೆ ಮನೆಹಾಳು ಎಂಬುದು ಮಾಶಾಬಿಯ ಲೆಕ್ಕ. ಎರಡು ವರ್ಷದ ಹಿಂದೆ ಅವನು ಒಮ್ಮೆ ಕುಡಿದು ಬಂದದ್ದೇ ಸಾಕಾಯಿತು, ಅವಳು ಕಾನೂನು ಮಾಡಿಬಿಟ್ಟಳು. ತಿಂಗಳ ಕೊನೆಯ ಶುಕ್ರವಾರದ ರೈಲುಗಾಡಿಗೇ ಬರಬೇಕು. ತಪ್ಪಿದರೆ ಅವನು ಹೆಂಡದಂಗಡಿಯಲ್ಲಿ ಕೂತಿದ್ದಾನೆಂದೇ ಅರ್ಥ, ಅವಳು ತವರಿನ ದಾರಿ ಹಿಡಿಯುವವಳೇ. ಪಾಪ, ಅವನು ಒಂದು ಸಲವೂ ತಪ್ಪಿಸಿರಲಿಲ್ಲ. ಆದರೆ ಸಂಶಯ ತಿಗಣೆಯ ಜಾತಿಯದು, ಹಾಸಿಗೆ ಬಿಸಿಲಿಗೆ ಹಾಕಿದರೂ ಹೋಗುವುದಿಲ್ಲ.

ಆ ಶುಕ್ರವಾರ ಸಂಜೆ ಟಾಂಗಾದಿಂದ ಇಳಿದವನು ತೂರಾಡುತ್ತಿದ್ದ. ಮಾಶಾಬಿ ಬಾಗಿಲಲ್ಲೇ ಅಡ್ಡ ನಿಂತು ಅವನ ಬಾಯಿ ಮೂಸಿದಳು. ಫೆನ್ನಿಯ ವಾಸನೆಯಿಲ್ಲ. ಏಲಕ್ಕಿ ಅಗಿದು ಮುಚ್ಚಿರಬೇಕು ಅಂದುಕೊಂಡಳು. ಏಲಕ್ಕಿಯ ವಾಸನೆಯೂ ಇಲ್ಲ. ಅದಂತೂ ಅವಳಿಗೆ ಇನ್ನೂ ಸಂಶಯದ ಸಂಗತಿಯಾಗಿ ಕಂಡಿತು.

"ಖರೇ ಹೇಳ್ರಿ, ಎಷ್ಟು ಕುಡದೀರಿ?"

"ಹನಿ ಮುಟ್ಟಿಲ್ಲ. ಮುಂಜಾನಿ ನೀರಾಗಿಂದ ಮ್ಯಾಲ ಬಂದು ಹಂಗ ಗಾಡಿ ಹತ್ತೇನಿ. ಘಟ್ಟ ಏರಿದಂಗ ಏರಿದಂಗ ಮೊಳಕೈ, ಮೊಳಕಾಲು ಒಳಗ ಕೊರಿಯಾಕತ್ತಾವು. ನನ್ನ ಬಾವ್ಯಾಗ ಇಳಸು. ತಳಕ್ಕ ಹೋದ್ರ ನೋವು ಹೋಗತೈತಿ."

ಊಟಕ್ಕೆ ಬಂದಿದ್ದ ಮಾಶಾಬಿಯ ಅಣ್ಣ ಅಹಮದಸಾಬ ನಕ್ಕುಬಿಟ್ಟ. "ಬಾವಿ ಕೇಳಾಕತ್ತಾನಂದ್ರ ನೆತ್ತಿಗೇರೈತಿ. ಹೊರಸಿಗೆ ಕಟ್ಟು, ಮುಂಜಾನಿತನಕ ಇಳೀತೈತಿ."

ಕಟ್ಟಿಯೂ ಬಿಟ್ಟರು. ಆದರೆ ಮಾಶಾಬಿಗೆ ಸಮಾಧಾನವಿಲ್ಲ. ನಾಟಕವೋ ನಿಜವೋ ನೋಡಬೇಕೆಂದು ಅವನ ಎಡಗಾಲನ್ನು ರಕ್ತ ಬರುವಂತೆ ಚಿವುಟಿದಳು. ಕಾಲು ಅಲುಗಲಿಲ್ಲ. ಚಿವುಟಿದ್ದು ಅವನಿಗೆ ಗೊತ್ತೇ ಆಗಿರಲಿಲ್ಲ. ಅಣ್ಣನನ್ನು ಗದರಿಸಿ ಹಗ್ಗ ಬಿಚ್ಚಿಸಿ, ಅದೇ ಟಾಂಗಾದಲ್ಲಿ ಹುಬ್ಬಳ್ಳಿ ಪೇಟೆಯ ಡಾಕ್ಟರ್ ರಮಾಕಾಂತರ ಹತ್ತಿರ ಕರೆತಂದಳು.

ಗೋವೆಯ ಹೆಸರು ಕೇಳಿದ್ದೇ ಡಾಕ್ಟರರ ಮುಖವೂ ಸಿಂಡರಿಸಿತು. ಆದರೂ ರಕ್ತದೊತ್ತಡ ನೋಡುವ ಪಟ್ಟಿಯನ್ನು ಅವನ ತೋಳಿಗೆ ಅಸಡ್ಡೆಯಿಂದ, ನೋಯುತ್ತಿದ್ದ ಮೊಳಕೈ ಮುಚ್ಚುವಷ್ಟು ಕೆಳಗೆ ಸುತ್ತಿ, ಗಾಳಿ ತುಂಬಿದರು.

"ಹಾಂ, ಈಗ ನೋವಿಲ್ಲ" ಎಂದ ಖಾದರಬಾಷಾ. ಗಾಳಿ ಬಿಟ್ಟರೆ ಮತ್ತೆ ಹಲ್ಲು ಕಚ್ಚಿದ.

"ಕುಡುಕರ ಆಟ ಇದು" ಎಂದರು ಡಾಕ್ಟರು.

"ಇರಬಹುದು ಸಾಹೇಬ್ರ. ಬಾಯಿ ಸುಳ್ಳು ಹೇಳತೈತಿ, ನಾಡಿ ಹೇಳೂದಿಲ್ಲ. ಇನ್ನೊಂದು ಕೈಯಿನ ನಾಡಿ ಹಿಡದು, ಮತ್ತೊಮ್ಮೆ ಒತ್ರಿ."

ಹೆಂಗಸಿನ ಮಾತು ಡಾಕ್ಟರರಿಗೆ ಹಿಡಿಸಲಿಲ್ಲ, ಆದರೆ ತೆಗೆದುಹಾಕಲೂ ಆಗಲಿಲ್ಲ. ಮೂರು ಸಲ ಒತ್ತಿದರು. ಓಡುತ್ತಿದ್ದ ನಾಡಿ ಮೂರು ಸಲವೂ ನಿಧಾನಕ್ಕಿಳಿಯಿತು, ಬಿಟ್ಟೊಡನೆ ಮತ್ತೆ ಓಡಿತು. ಡಾಕ್ಟರರು ಕುರ್ಚಿ ಎಳೆದು ಕೂತರು. ಮುಂಬಯಿಯಲ್ಲಿ ಓದುವಾಗ ಕೇಳಿದ್ದ ಪಾಠವೊಂದು ಅವರಿಗೆ ನೆನಪಾಗಿತ್ತು.

"ಇಂವ ಕುಡದಿಲ್ಲವ್ವಾ. ಗೋಲಿ ಸೋಡಾದ ಗೋಲಿ ಒಮ್ಮೆಲೆ ಒತ್ತಿದ್ರ ಹ್ಯಾಂಗ ಬುರುಗು ಬರತದ, ಹಂಗ ಆಗ್ಯದ ಇವನ ರಕ್ತದಾಗ. ತಳದಿಂದ ಭಾಳ ಲಗೂ ಮ್ಯಾಲ ಬಂದಾನ. ಘಟ್ಟ ಏರಿದ್ದು ಮತ್ತಷ್ಟು ಕೆಡಿಸ್ತು. ಆ ಬುರುಗು ಒತ್ತಿ ಕರಗಸಬೇಕು, ಅದಕ್ಕ ಬಾವಿ ಸಾಲೂದಿಲ್ಲ. ಬಂದರದಾಗ ಗಾಳಿ ಒತ್ತೋ ಕಬ್ಬಿಣದ ಕ್ವಾಣಿ ಅದ ಏನು?"

"ಐತ್ರಿ" ಎಂದ ಖಾದರಬಾಷಾ.

"ಹಂಗಾರ ಇವತ್ತಿನ ಗಾಡಿಗೇ ಹೊಂಡ್ರಿ. ತಡಾ ಆದ್ರ ಕಾಲು ಬರೂದಿಲ್ಲ."

ಮರುದಿನ ಮುಂಜಾನೆ ಬಂದರಿನ ಕಬ್ಬಿಣದ ಕೋಣೆಯ ಮುಂದೆ, ಮುಳುಗುವವರ ಮುಖ್ಯಸ್ಥ ಏಕನಾಥ ಸಿಟ್ಟಿನಿಂದ ನಿಂತಿದ್ದ. ಅವನೂ ಹುಬ್ಬಳ್ಳಿ ಕಡೆಯವನೇ.

"ಹಗ್ಗಕ್ಕ ನಾಕು ಗಂಟು ಹಾಕಿದ್ದೆ. ಒಂದೊಂದರ ಹಂತ್ಯಾಕ ನಿಂತು ನಿಂತು ಬಾ ಅಂದಿದ್ದೆ. ಯಾಕ ನಿಲ್ಲಲಿಲ್ಲೋ?"

ಖಾದರಬಾಷಾ ಹೆಂಡತಿಯ ಕಡೆ ನೋಡಿ ತಲೆ ತಗ್ಗಿಸಿದ.

"ನಿಂತಿದ್ರ ಶುಕ್ರವಾರದ ಗಾಡಿ ತಪ್ಪತಿತ್ತು."

ಮಾಶಾಬಿಗೆ ಕಪಾಳಕ್ಕೆ ಹೊಡೆದಂತಾಯಿತು. ಎರಡು ವರ್ಷ ಅವನ ಬಾಯಿ ಮೂಸಿದ ಮೂಗನ್ನು ಎಲ್ಲಿಡಬೇಕೋ ತಿಳಿಯದೆ, ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಅವನನ್ನು ಒಳಗೆ ಮಲಗಿಸಿ ಬಾಗಿಲು ಬಿಗಿದರು, ಗಾಳಿ ತುಂಬಿದರು. ಅವಳು ಅಂಗೈಯಗಲದ ಗಾಜಿನ ಕಿಂಡಿಗೆ ಕಣ್ಣಿಟ್ಟು ಆ ಎಡಗಾಲನ್ನೇ ನೋಡುತ್ತಿದ್ದಳು. ಬಹಳ ಹೊತ್ತಿನ ಮೇಲೆ ಹೆಬ್ಬೆರಳು ಅಲುಗಿತು. ತನ್ನ ಕಣ್ಣನ್ನೇ ನಂಬದೆ ಏಕನಾಥನನ್ನೂ ಕರೆದು ತೋರಿಸಿದಳು.

"ಹೌದು, ಅಲುಗೈತಿ. ಆದ್ರ ಗಾಳಿ ಇಳಸೂದು ಸಂಜೀತನಕ ಆಕ್ಕೈತಿ. ಅವಸರ ಮಾಡಿದ್ರ ಮತ್ತ ಅದ ಗತಿ" ಎಂದ ಏಕನಾಥ.

ಅಷ್ಟರಲ್ಲಿ ನಿಲ್ದಾಣದ ಕಡೆಯಿಂದ ಹುಬ್ಬಳ್ಳಿ ಗಾಡಿ ಕಬ್ಬಿಣವನ್ನೂ ತೂರಿ ಹೋಗುವಂತೆ ಕೂಗಿತು. ಅದರ ವೇಳೆ ಅವನಿಗೆ ಬಾಯಿಪಾಠ. ಒಳಗೆ ಮಲಗಿದ್ದವನು ದಡಬಡಿಸಿ ಏಳಲು ನೋಡಿ, ಕಿಂಡಿಯತ್ತ ಗಾಬರಿಯ ಕಣ್ಣು ತಿರುಗಿಸಿದ.

ಮಾಶಾಬಿ ಗಾಜಿನ ಮೇಲೆ ಅಂಗೈಯಿಟ್ಟಳು.

"ಹೋಗ್ಲಿ ಬಿಡ್ರಿ ಆ ಗಾಡಿ. ನೀವು ಸಾವಕಾಶ ಬರ್ರಿ."

ಕಬ್ಬಿಣದಾಚೆ ಅವನಿಗೆ ಅವಳ ಮೆಲುದನಿ ಕೇಳಿಸಲಿಲ್ಲ. ಅವಳು ಮತ್ತೊಮ್ಮೆ ಹೇಳಿದಳು. ಅವನು ಮತ್ತೆ ತಲೆ ಕೆಳಗಿಟ್ಟು ಮಲಗುವವರೆಗೂ ಹೇಳುತ್ತಲೇ ಇದ್ದಳು.