ಇಲ್ಲ ಅನ್ನುವವರು ಯಾರು

ನ್ಯಾಮತಿಯ ಮೆಕ್ಕೆಜೋಳ ಬೆಳೆಗಾರರ ಸಂಘದಲ್ಲಿ ರಾಶಿ ಮಾಡುವ ಮಷಿನ್ ಇರುವುದು ಎರಡೇ. ಕೇಳಿಕೊಂಡು ಬರುವವರು ಮಾತ್ರ ಸುಗ್ಗಿಯಲ್ಲಿ ಇರುವೆ ಸಾಲಿನ ಹಾಗೆ. ಸಂಘದ ಅಧ್ಯಕ್ಷರು ಮಲ್ಲಿಕಾರ್ಜುನಪ್ಪನವರು, ಮನೆ ಬಾಗಿಲಿಗೆ ಬಂದ ನಾಯಿಗೂ ಹಚಾ ಅನ್ನದ ಮನುಷ್ಯ. ಬಸ್ ಸ್ಟ್ಯಾಂಡ್ ಎದುರಿನ ಹೋಟೆಲಿನಲ್ಲಿ ಅವರು ಕೂತಾಗ ಯಾರೇ ಬಂದು ಮಷಿನ್ ಕೇಳಲಿ, ಆಗಲಿ ಬಿಡಪ್ಪ, ಮಾಡೋಣಂತೆ ಎಂದು ಬೆನ್ನು ತಟ್ಟಿ, ಟೀ ಕುಡಿಸಿ ಕಳಿಸುವರು. ಹಾಗೆ ಒಂದೇ ಸೋಮವಾರವನ್ನು ನಾಲ್ಕು ಊರಿಗೆ ಹಂಚಿರುವರು. ಆಮೇಲೆ ಅದರಲ್ಲಿ ಎರಡು ಊರಿಗೆ ಫೋನ್ ಮಾಡಿ ಆಗುವುದಿಲ್ಲ ಎನ್ನುವ ಕೆಲಸ ಮ್ಯಾನೇಜರ್ ನೇತ್ರಾವತಿಯದು.

ಹೋದ ವರ್ಷ ಗೋವಿನಕೋವಿಯಲ್ಲಿ ನಾದಿನಿಯ ಸೀಮಂತಕ್ಕೆ ಹೋಗಿದ್ದಳು. ಊಟದ ಪಂಕ್ತಿಯಲ್ಲಿ ಪಕ್ಕ ಕೂತ ಹೆಂಗಸು ಎದ್ದು ಆಚೆ ಹೋಗಿ ಕೂತಳು. ಹಿಂದಿನಿಂದ ಯಾರೋ, "ದೇವ್ರು ಕೊಟ್ರೂ ಪೂಜಾರಿ ಕೊಡಲ್ಲ ಅಂತಾರಲ್ಲ, ಆ ಪೂಜಾರಿ ಇವ್ಳೇ ನೋಡ್ರೇ" ಅಂದರು. ನೇತ್ರಾವತಿ ಎಲೆಯ ಮೇಲಿನ ಹೋಳಿಗೆಯನ್ನು ಹಾಗೇ ಬಿಟ್ಟು ಎದ್ದಳು. ಮುಂದಿನ ಸುಗ್ಗಿಯೂ ಹೀಗೇ ಆದರೆ ಕೆಲಸ ಬಿಟ್ಟು ಹೊನ್ನಾಳಿಯ ಬಟ್ಟೆ ಅಂಗಡಿಗೆ ಸೇರುತ್ತೇನೆ ಎಂದು ಅವತ್ತೇ ಗಂಡನಿಗೆ ಹೇಳಿದಳು. ಅಂಗಡಿಯವರು ಬಾ ಅಂದಿದ್ದರು ಕೂಡ. ಆದರೆ ಸಂಘ ಕಟ್ಟಿದ ದಿನದಿಂದ ಇದ್ದವಳು. ಬಿಡುವುದೆಂದರೆ ಮನಸ್ಸು ಒಪ್ಪದು.

ಈ ಸುಗ್ಗಿ ಬರುವಷ್ಟರಲ್ಲಿ, ಸಂಘಗಳನ್ನು ನೋಡಿಕೊಳ್ಳುವ ಜಿಲ್ಲಾ ಕಚೇರಿಯಿಂದ ಒಂದು ಮಾತು ಬಂತು. ಅರ್ಜಿ ಯಾರ ಕೈಯಿಂದ ಯಾರ ಕೈಗೆ ಹೋಗಬೇಕು, ಯಾರು ಒಪ್ಪಬೇಕು, ಮಷಿನ್ ಎಂದು ಹೊರಡಬೇಕು, ಎಲ್ಲವನ್ನೂ ನೋಡಿಕೊಳ್ಳುವ ಸಾಫ್ಟ್‌ವೇರ್ ಹಾಕಿಸಿಕೊಳ್ಳಿ, ಎರಡನ್ನು ಹೋಲಿಸಿ ನೋಡಿ ಒಂದನ್ನು ಆರಿಸಿ ಎಂದು. ಹೋಲಿಸುವ ಕೆಲಸವೂ ನೇತ್ರಾವತಿಯ ತಲೆಗೇ ಬಂತು.

ಮೊದಲು ಬಂದವನು ದಾವಣಗೆರೆಯ ಸಿದ್ದೇಶ್. ಅವನ ಸಾಫ್ಟ್‌ವೇರ್ ಮದುವೆ ಮನೆಯ ಹಾಗೆ ಬಣ್ಣ ಬಣ್ಣ. ಯಾರು ಮೊದಲು ಕೇಳಿದರೋ ಅವರಿಗೆ ಮೊದಲ ಪಾಳಿ, ಉಳಿದವರ ಮೊಬೈಲಿಗೆ ತಾನೇ ಸಂದೇಶ ಕಳಿಸುತ್ತದೆ. ಇಲ್ಲ ಅನ್ನುವ ಚಿಂತೆ ನಿಮಗೆ ಬೇಡ ಮೇಡಂ, ಅದೇ ಅನ್ನುತ್ತದೆ ಎಂದ. ನೇತ್ರಾವತಿಗೆ ಬೇರೇನೂ ಕೇಳಬೇಕು ಅನ್ನಿಸಲಿಲ್ಲ. ಕೆಲವು ದಿನ ಪರೀಕ್ಷೆಗೆ ಇಟ್ಟುಕೊಂಡಳು. ಮಧ್ಯಾಹ್ನ ಫೋನಿನ ಕಾಟವಿಲ್ಲದೆ ಬುತ್ತಿ ಬಿಚ್ಚಿ ನಿಧಾನಕ್ಕೆ ಉಂಡಳು. ಇಷ್ಟು ವರ್ಷ ಹೀಗೆ ಉಂಡ ನೆನಪೇ ಇರಲಿಲ್ಲ.

ಆ ಸುಖ ಮುಗಿದದ್ದು ಚೌಡಮ್ಮ ಬಂದಾಗ. ಗೋವಿನಕೋವಿಯ ಚೌಡಮ್ಮ ಬಸ್ಸಿಳಿದು ಸೀದಾ ಆಫೀಸಿಗೆ ಬಂದು, ಕುರ್ಚಿ ಕೊಟ್ಟರೂ ಕೂರದೆ ನೆಲದ ಮೇಲೆ ಕೂತಳು. ಅವಳ ಅಂಗಳದಲ್ಲಿ ತೆನೆ ರಾಶಿ ಬಿದ್ದಿತ್ತು, ಆಕಾಶದಲ್ಲಿ ಮೋಡ. ಮೊಬೈಲಿಗೆ ಬಂದ ಸಂದೇಶವನ್ನು ಪಕ್ಕದ ಮನೆ ಹುಡುಗಿಯಿಂದ ಓದಿಸಿದ್ದಳು. 'ನಿಮ್ಮ ಅರ್ಜಿ ತಿರಸ್ಕೃತವಾಗಿದೆ' ಎಂದಿತ್ತಂತೆ. ತನ್ನನ್ನು ಸಂಘದಿಂದಲೇ ತೆಗೆದುಹಾಕಿದ್ದಾರೆ ಎಂದುಕೊಂಡು, ಎರಡು ದಿನ ಸರಿಯಾಗಿ ಊಟ ಮಾಡದೆ ಬಂದಿದ್ದಳು.

"ನಾ ಏನು ತಪ್ಪು ಮಾಡೀನವ್ವಾ?" ಅಂದಳು. "ನೀನು ಇಲ್ಲ ಅಂದಿದ್ರೆ ನಾಕು ಮಾತು ಬೈದು ಸುಮ್ಕಾಗ್ತಿದ್ದೆ. ಇದ್ರ ಕೂಡೆ ಹೆಂಗೆ ಜಗಳ ಆಡ್ಲಿ ಹೇಳು."

ನೇತ್ರಾವತಿ ಅವಳನ್ನು ಎಬ್ಬಿಸಿ ಕೂರಿಸಿ, ಟೀ ತರಿಸಿ, ವಿಷಯ ಬಿಡಿಸಿ ಹೇಳಿದಳು. ಅದೇ ಊರಿನ ಗಿಡ್ಡಪ್ಪನಿಗೆ ಫೋನ್ ಹಚ್ಚಿ, ನಿನ್ನ ಪಾಳಿಯಲ್ಲಿ ಅರ್ಧ ದಿನ ಚೌಡಮ್ಮನಿಗೆ ಬಿಟ್ಟುಕೊಡು, ಮುಂದಿನ ಸಲ ಆಕೆ ನಿನಗೆ ಬಿಡುತ್ತಾಳೆ ಎಂದು ಒಪ್ಪಿಸಿದಳು. ಗಿಡ್ಡಪ್ಪ ಹೂಂ ಅಂದ. ಸಾಫ್ಟ್‌ವೇರಿನಲ್ಲಿ ಅರ್ಧ ದಿನವೆಂಬುದೇ ಇರಲಿಲ್ಲ, ಅದು ಬೇರೆ ಮಾತು. ಚೌಡಮ್ಮ ಹೋಗುವಾಗ ಮನಸಾರೆ ಬೈದೇ ಹೋದಳು. ನೇತ್ರಾವತಿಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ತಾನು ತಪ್ಪಿಸಿಕೊಂಡರೆ ಆ ಏಟು ಇಂಥವರಿಗೆ ಬೀಳುತ್ತದೆ. ತಪ್ಪಿಸಿಕೊಳ್ಳದಿದ್ದರೆ ಮತ್ತೆ ಅದೇ ಪಂಕ್ತಿ, ಅದೇ ಮಾತು. ಸಂಜೆ ಬಟ್ಟೆ ಅಂಗಡಿಯವರಿಗೆ, ಇನ್ನೊಂದು ಸಾಫ್ಟ್‌ವೇರ್ ನೋಡಿಬಿಟ್ಟು ಹೇಳ್ತೀನಿ ರೀ ಎಂದಳು.

ಇನ್ನೊಂದನ್ನು ತಂದವಳು ಶಿವಮೊಗ್ಗದ ಚೈತ್ರಾ. ಬಣ್ಣವಿಲ್ಲ, ಬೆಡಗಿಲ್ಲ. ಸಮಿತಿಯವರನ್ನೆಲ್ಲ ಗೋಡೆಯ ಪರದೆಯ ಮುಂದೆ ಕೂರಿಸಿ, ನಿಮ್ಮಲ್ಲಿ ಈಗ ಹೇಗೆ ನಡೆಯುತ್ತದೋ ಹಾಗೇ ಹೇಳಿ, ನಾನು ಬರೆಯುತ್ತಾ ಹೋಗುತ್ತೇನೆ ಎಂದಳು. ಒಬ್ಬೊಬ್ಬರಿಗೂ ಒಂದು ಚೌಕ, ಚೌಕದಿಂದ ಚೌಕಕ್ಕೆ ಗೆರೆ. ಅರ್ಜಿ ಬಂದರೆ ಯಾರ ಹತ್ತಿರ? ಒಪ್ಪುವವರು ಯಾರು? ಒಪ್ಪದಿದ್ದರೆ ಹೇಳುವವರು ಯಾರು? ನಿರ್ದೇಶಕರು ಆಕಳಿಸುತ್ತಾ ಉತ್ತರ ಕೊಟ್ಟರು. ಟ್ರ್ಯಾಕ್ಟರಿನದೂ ಆಯಿತು, ಬಿತ್ತನೆ ಬೀಜದ್ದೂ ಆಯಿತು. ಕೊನೆಗೆ ಚೈತ್ರಾ ಪರದೆಯನ್ನು ಪೂರ್ತಿ ತೋರಿಸಿದಳು.

ಹಸಿರು ಗೆರೆಗಳೆಲ್ಲ ಅಧ್ಯಕ್ಷರ ಚೌಕದಿಂದ ಹೊರಟಿದ್ದವು. ಕೆಂಪು ಗೆರೆಗಳೆಲ್ಲ ನೇತ್ರಾವತಿಯ ಚೌಕದಿಂದ. ಆಕಳಿಸುತ್ತಿದ್ದ ಬಾಯಿಗಳು ಮುಚ್ಚಿದವು.

ಹೂಂ ಅನ್ನುವುದೆಲ್ಲ ಸರ್ ಹತ್ತಿರ, ಇಲ್ಲ ಅನ್ನುವುದೆಲ್ಲ ಮೇಡಂ ಹತ್ತಿರ, ಹೀಗೇ ಇರಲಾ ಎಂದು ಚೈತ್ರಾ ಕೇಳಿದಳು. ಅವಳ ದನಿಯಲ್ಲಿ ಕೊಂಕಿರಲಿಲ್ಲ. ಪಲ್ಯ ಇನ್ನೊಂಚೂರು ಬಡಿಸಲಾ ಎಂಬಂತೆ ಕೇಳಿದ್ದಳು.

"ಬ್ಯಾಡ," ಅಂದಳು ನೇತ್ರಾವತಿ. ಅಂದ ಮೇಲೆ ತನ್ನ ದನಿ ಕೇಳಿ ತನಗೇ ಅಳುಕಾಯಿತು. ಆದರೂ ನಿಲ್ಲಿಸಲಿಲ್ಲ. "ಹೂಂ ಅಂದೋರೇ ಊಹೂಂ ಅಂತಲೂ ಅನ್ಲಿ. ಎರಡೂ ಒಂದೇ ಚೌಕದಾಗೆ ಇರ್ಲಿ. ಹಂಗಾದ್ರೆ ನಾನು ಇರ್ತೀನಿ."

ಮಲ್ಲಿಕಾರ್ಜುನಪ್ಪನವರು ಎದ್ದು ಪರದೆಯ ಹತ್ತಿರ ಹೋಗಿ ಕೆಂಪು ಗೆರೆಗಳನ್ನು ಎಣಿಸಿದರು. ಕೆಟ್ಟ ಮನುಷ್ಯರಲ್ಲ. ತಮ್ಮ ಒಳ್ಳೆಯತನದ ಬೆಲೆಯನ್ನು ಇನ್ನೊಬ್ಬರು ತೆರುತ್ತಿದ್ದಾರೆ ಎಂದು ಯಾರೂ ಅವರಿಗೆ ಚಿತ್ರ ಬರೆದು ತೋರಿಸಿರಲಿಲ್ಲ, ಅಷ್ಟೇ.

"ನಂಗೆ ಇಲ್ಲ ಅನ್ನಾಕೆ ಬರಲ್ಲವ್ವಾ," ಅಂದರು.

"ನಂಗೂ ಬರ್ತಿರ್ಲಿಲ್ಲ ರೀ. ಕಲಿಸಿದೋರು ನೀವೇ."

ಮಲ್ಲಿಕಾರ್ಜುನಪ್ಪನವರೇ ಮೊದಲು ನಕ್ಕರು. ನಕ್ಕು, ಹಂಗೇ ಮಾಡಮ್ಮ ಎಂದು ಚೈತ್ರಾಳಿಗೆ ಹೇಳಿದರು. ಇಲ್ಲ ಅನ್ನುವುದು ಸಂದೇಶದಲ್ಲಿ ಹೋಗಕೂಡದು, ಬಾಯಲ್ಲೇ ಹೇಳಬೇಕು, ಅರ್ಧ ದಿನದ ಪಾಳಿಯೂ ಇರಬೇಕು ಎಂದು ನೇತ್ರಾವತಿ ಸೇರಿಸಿದಳು.

ಹೊಸ ವ್ಯವಸ್ಥೆಯಲ್ಲಿ ಮೊದಲ ಕೆಂಪು ಗೆರೆ ಹೊರಟದ್ದು ಅಧ್ಯಕ್ಷರ ಬೀಗರಾದ ರುದ್ರಮುನಿಯವರ ಮನೆಗೆ. ಮಲ್ಲಿಕಾರ್ಜುನಪ್ಪನವರು ಫೋನ್ ಹಿಡಿದು ಮಗಳ ಆರೋಗ್ಯ ಕೇಳಿದರು, ಎಮ್ಮೆ ಈದದ್ದು ಕೇಳಿದರು, ಮಳೆಯ ಮಾತಾಡಿದರು. ನೇತ್ರಾವತಿ ಎದುರಿಗೆ ಕೂತು ಕಾದಳು. ಕಡೆಗೆ ಅವರು ಕಣ್ಣು ಮುಚ್ಚಿ, ಸೋಮವಾರ ಮಷಿನ್ ಆಗಲ್ಲ ಬೀಗರೇ, ಇನ್ನೊಬ್ಬರ ಪಾಳಿ ಐತೆ ಎಂದರು. ಆಚೆಯಿಂದ ಬಂದ ಮಾತು ಮೇಜಿನ ಈಚೆಗೂ ಕೇಳಿಸಿತು.

ಫೋನಿಟ್ಟು ಹಣೆ ಒರೆಸಿಕೊಂಡರು.

"ಬೈದ್ರು," ಅಂದರು, ಪೆಟ್ಟು ತಿಂದ ಹುಡುಗನಂತೆ.

"ಬೈತಾರೆ ರೀ," ಅಂದಳು ನೇತ್ರಾವತಿ. ತನ್ನ ಟೀಯನ್ನು ಅವರ ಕಡೆ ಸರಿಸಿದಳು. "ಕುಡೀರಿ. ಇನ್ನೊಬ್ರು ಅದಾರೆ."