ಕಂದು ಕೆಂಪಾಗುವ ಹೊತ್ತು

ನಿನ್ನೆಗಿಂತ ಇವತ್ತು ಮಂಕಾಗಿದೆಯಲ್ಲ ಇದು, ಅಥವಾ ಗಾಜಿಗೆ ಹಬೆ ಕೂತಿದೆಯೋ ಏನೋ, ವಾರಿಜಾಕ್ಷಿ ನೈಟಿಯ ತುದಿಯಿಂದ ಗಾಜು ಒರೆಸಿದಳು, ಇಲ್ಲ, ಮಂಕೇ, ಮೊನ್ನೆವರೆಗೆ ದಾಸವಾಳದ ಹಾಗಿದ್ದ ಹಾವು ಈಗ ಹುಳಿ ಹಾಕಿ ತಿಕ್ಕದ ತಾಮ್ರದ ಚೆಂಬಿನ ಹಾಗೆ ಬಿದ್ದುಕೊಂಡಿದೆ, ಏಸಿ ಗಾಳಿಯ ನೀರನ್ನೆಲ್ಲ ಹೀರುತ್ತದೆ, ಅದಕ್ಕೇ ಬಾಟಲಿಯಿಂದ ದಿನಕ್ಕೆರಡು ಸಲ ನೀರು ಚಿಮುಕಿಸಬೇಕು, ಇವರ ಅಪ್ಪಣೆ, ಇವರು ಅಂದರೆ ಅಕ್ಷಯ್, ಕಟ್ಟಿಕೊಂಡ ಗಂಡ, ಶುಕ್ರವಾರ, ರಜೆ ಅಂತ ಮಸ್ಕತ್ತಿನಿಂದ ಬರ್ಕಾದ ಮಾರ್ಕೆಟ್ಟಿಗೆ ಮೀನಿಗೆ ಹೋದವರು, ಹೆಂಡತಿಗೆ ಬಾಯಾರಿತಾ ಎಂದು ಕೇಳದ ಗಂಡಸು ಹಾವಿನ ಚರ್ಮ ಒಣಗಿತಾ ಎಂದು ದಾರಿಯಿಂದ ಫೋನ್ ಮಾಡುತ್ತಾನೆ, ಇರಲಿ, ಹೆತ್ತವರಿಗೆ ಹೆಗ್ಗಣ ಮುದ್ದು, ಹೆರದವರಿಗೆ ಹೆಬ್ಬಾವು ಮುದ್ದಿರಬೇಕು, ಈ ಹಾವೂ ಆ ಬರ್ಕಾದ್ದೇ, ಮೂರು ವರ್ಷದ ಹಿಂದೆ, ಎರಡನೆಯ ಬಸಿರೂ ನಿಲ್ಲದೆ ಇಳಿದುಹೋದ ಮೇಲೆ, ಆವತ್ತು ಇವರು ಆಫೀಸಿನ ಕೆಲಸಕ್ಕೆಂದು ದೂರದ ಇಬ್ರಾ ಊರಿನಲ್ಲಿ, ಅವಳು ಒಬ್ಬಳೇ ಟ್ಯಾಕ್ಸಿ ಹಿಡಿದು ಆಸ್ಪತ್ರೆಗೆ ಹೋಗಿ, ಒಬ್ಬಳೇ ಬಂದು, ಹಾಸಿಗೆಯ ಬೆಡ್‌ಶೀಟನ್ನು ತಣ್ಣೀರಲ್ಲಿ ನೆನೆಹಾಕಿ ಆಮೇಲೆ ಫೋನ್ ಮಾಡಿ ಹೋಯ್ತು ಅಂದಳು, ಹೌದಾ ಅಂದರು ಇವರು, ಅಷ್ಟೇ, ವಾರ ಕಳೆದು ಒಂದು ಡಬ್ಬಿ ಹಿಡಿದುಕೊಂಡು ಬಂದರು, ನಾಯಿ ತರಬಹುದಿತ್ತು, ಬೆಕ್ಕು ತರಬಹುದಿತ್ತು, ಡಬ್ಬಿಯೊಳಗೆ ಕರಟಿದ ಚಪಾತಿಯ ಸುರುಳಿಯ ಹಾಗೆ ಕಂದು ಬಣ್ಣದ್ದೊಂದು ಮರಿ, ಇದರ ಹೆಸರು ರಕ್ತ ಹೆಬ್ಬಾವು, ಈಗ ಹೀಗುಂಟು, ದೊಡ್ಡದಾಗ್ತಾ ಆಗ್ತಾ ಕೆಂಪಾಗ್ತದೆ, ಮೂರು ನಾಲ್ಕು ವರ್ಷ ಬೇಕು ಅಂದರು, ಬೆಡ್‌ಶೀಟು ತೊಳೆದವಳ ಮುಂದೆ ನಿಂತು ರಕ್ತದ ಹೆಸರು ಹೇಳಲು ನಾಲಗೆ ಹೇಗೆ ಬಂತೋ, ಆವತ್ತು ಸಿಟ್ಟು ಬಂದಿತ್ತು, ಈಗ ಬರುವುದಿಲ್ಲ.

ಊರಿನಿಂದ ಅಮ್ಮ ಫೋನಿನಲ್ಲೇ ಎದೆ ಬಡಿದುಕೊಂಡಿದ್ದಳು, ಮಾರಾಯ್ತಿ, ನಾಗನ ಜಾತಿಯನ್ನು ಪೆಟ್ಟಿಗೆಯಲ್ಲಿ ಹಾಕಿ ಸಾಕಿದರೆ ನಿನ್ನ ಹೊಟ್ಟೆಯಲ್ಲಿ ನಿಲ್ಲುವುದಾದರೂ ಹೇಗೆ, ಇವರು ಫೋನ್ ಕಿತ್ತುಕೊಂಡು, ಅತ್ತೆ, ಇದಕ್ಕೆ ಹೆಡೆ ಇಲ್ಲ, ವಿಷ ಇಲ್ಲ, ಹೆಬ್ಬಾವಿಗೆಂತ ದೋಷ ಅಂದರು, ಹೆಡೆ ಇಲ್ಲದಿದ್ದರೆ ದೋಷ ಇಲ್ಲಾಂತ ನಿಮಗೆ ಯಾವ ಭಟ್ರು ಹೇಳಿದ್ದು ಅಂದಳು ಅಮ್ಮ, ಪಾಪ, ಹೋಗಿ ನಾಗಬನದಲ್ಲಿ ಇಬ್ಬರ ಹೆಸರಲ್ಲೂ ನಾಗನ ಕಲ್ಲಿಗೆ ಹಾಲು, ಎಳನೀರಿನ ತನು ಹಾಕಿಸಿ ಬಂದಳು, ಪ್ರಸಾದದ ಅರಸಿನ ಯಾರದೋ ಕೈಯಲ್ಲಿ ಮಸ್ಕತ್ತಿಗೆ ಬಂತು, ಹಾವು ಮಾತ್ರ ತನ್ನ ಪಾಡಿಗೆ ಇಲಿ ನುಂಗಿ, ಪೊರೆ ಬಿಟ್ಟು, ಮತ್ತೆ ನುಂಗಿ, ಪ್ರತಿ ಸಲ ಪೊರೆ ಬಿಟ್ಟಾಗಲೂ ಇವರು ಅದನ್ನು ಕಿಟಕಿಯ ಹತ್ತಿರ ಒಯ್ದು, ಬಿಳಿ ಪಂಚೆಯ ಮೇಲೆ ಮಲಗಿಸಿ ಫೋಟೋ ತೆಗೆಯುವುದು, ಬಲ್ಬಿನ ಬೆಳಕು ಸುಳ್ಳು ಹೇಳ್ತದೆ ವಾರಿಜಾ, ಬಣ್ಣ ನೋಡುವುದಾದರೆ ಹಗಲಿನ ಬೆಳಕಲ್ಲೇ ನೋಡ್ಬೇಕು, ಕಾಣ್ತದಾ, ಕುತ್ತಿಗೆಯ ಹತ್ತಿರ ಸ್ವಲ್ಪ ಕೆಂಪಿಗೆ ತಿರುಗಿದೆ, ಅವಳಿಗೆ ಎಲ್ಲವೂ ಕಂದೇ ಕಾಣುತ್ತಿತ್ತು, ಒಂದು ದಿನ ನೋಡಿದರೆ ಹಾವಿಗೆ ಹಾವೇ ಕೆಂಪು, ಯಾವಾಗ ಆಯಿತೆಂದು ಕೇಳಿದರೆ ಅವಳಿಗೆ ಗೊತ್ತಿಲ್ಲ, ಇವರಿಗೆ ಗೊತ್ತು, ಈಗ ಅವಳಿಗೆ ಮೂರನೇ ತಿಂಗಳು ನಡೆಯುತ್ತಿದೆ, ಅದು ಇವರಿಗೆ ಗೊತ್ತಿಲ್ಲ, ಅಮ್ಮನಿಗೂ ಗೊತ್ತಿಲ್ಲ, ಹೇಳಿದ ಎರಡು ಸಲವೂ ಹೋಯಿತು, ಹೋದದ್ದಕ್ಕಿಂತ ಆಮೇಲೆ ಒಬ್ಬೊಬ್ಬರಿಗೂ ಇಲ್ಲ ಹೋಯ್ತು, ಇಲ್ಲ ಹೋಯ್ತು ಎಂದು ಹೇಳಿದ್ದಿದೆಯಲ್ಲ, ಅತ್ತೆಗೆ, ನಾದಿನಿಗೆ, ಕೆಳಗಿನ ಮನೆಯ ಆಸಿಯಮ್ಮನಿಗೆ, ಅದು ಸಾಕಾಗಿತ್ತು, ಈ ಸಲ ಬಾಯಿಗೆ ಬೀಗ, ಹೋದರೆ ಬಂದ ಹಾಗೇ ಹೋಗಲಿ, ಡಾಕ್ಟರಮ್ಮ ಮಾತ್ರ ಹೇಳಿದ್ದಾಳೆ, ಕಂದು ಕಂಡರೆ ಗಾಬರಿ ಬೇಡ, ಫೋನ್ ಮಾಡಿ, ಕೆಂಪು ಕಂಡರೆ ಆ ಕ್ಷಣ ಹೊರಟು ಬನ್ನಿ, ಹಾಗಾಗಿ ಬಾತ್‌ರೂಮಿಗೆ ಹೋದಾಗಲೆಲ್ಲ ಟಿಶ್ಯೂ ನೋಡುವುದು, ಬಿಳಿ, ಮತ್ತೆ ಹೋಗುವುದು, ಬಿಳಿ, ಆಫೀಸಿನಲ್ಲಿ ಮೀಟಿಂಗಿನ ನಡುವೆ ಎದ್ದು ಹೋಗಿ ನೋಡುವುದು, ಬಿಳಿ, ಸದ್ಯ, ಇನ್ನೊಂದು ದಿನ ಸಿಕ್ಕಿತು.

ಬಾಗಿಲು ತೆರೆದ ಸದ್ದು, ಮೀನಿನ ವಾಸನೆ ಮೊದಲು ಬಂತು, ಆಮೇಲೆ ಇವರು, ಎಂತ ಸೆಕೆ ಮಾರಾಯ್ತಿ, ಅಂಜಲ್ ಒಳ್ಳೇದು ಸಿಕ್ತು, ಮೀನಿನ ಪ್ಲಾಸ್ಟಿಕ್ ತೊಟ್ಟೆಯನ್ನು ಕೈಯಲ್ಲಿ ಹಿಡಿದುಕೊಂಡೇ ಗಾಜಿನ ಹತ್ತಿರ ಬಗ್ಗುತ್ತಾರೆ, ಅರೆ, ಕಣ್ಣು ನೋಡು, ಹಾಲು ಹಾಕಿದ ಹಾಗಾಗಿದೆ, ಅವಳೂ ಬಗ್ಗಿ ನೋಡಿದಳು, ಹೌದು, ಕಣ್ಣಿನ ಜಾಗದಲ್ಲಿ ಎರಡು ಬಿಳಿ ಬೊಟ್ಟು, ಕುರುಡಾಯ್ತಾ, ಇಲ್ಲ ಮಾರಾಯ್ತಿ, ಪೊರೆ ಬಿಡುವ ಮೊದಲು ಹಾಗೇ, ವಾರದಲ್ಲಿ ಸರಿಯಾಗ್ತದೆ, ನಮ್ಮ ಅಜ್ಜಿ ಇದ್ದಿದ್ರೆ ಯಾರೋ ಬಸುರಿ ನೋಡಿದಾಳೆ, ಅದಕ್ಕೇ ಹಾವಿನ ಕಣ್ಣು ಹೋಯ್ತು ಅಂತಿದ್ರು, ಹೋ ಎಂದು ನಕ್ಕರು, ನಗು ಅರ್ಧಕ್ಕೆ ನಿಂತಿತು, ಈ ಮನೆಯಲ್ಲಿ ಹಾವನ್ನು ನೋಡುವ ಹೆಂಗಸು ಇನ್ಯಾರಿದ್ದಾರೆ, ಬಗ್ಗಿದ್ದವರು ನಿಧಾನ ನೆಟ್ಟಗಾಗಿ ಅವಳ ಮುಖ ನೋಡಿದರು, ವಾರಿಜಾ ಅಂದರು, ಮೀನು ಹಾಳಾಗ್ತದೆ, ಫ್ರಿಜ್ಜಲ್ಲಿಡಿ ಎಂದು ಅವಳು ಬಾತ್‌ರೂಮಿಗೆ ನಡೆದು ಚಿಲಕ ಹಾಕಿದಳು, ಹೌದು ಎಂದು ಹೇಳಿಬಿಡಲಾ, ಇನ್ನೊಂದು ವಾರ ಕಳೆಯಲಿ, ಇನ್ನೊಂದೇ ವಾರ, ಕೂತಳು, ಟಿಶ್ಯೂ ತೆಗೆದಳು, ನೋಡಿದಳು, ಚುಕ್ಕೆ, ಸಾಸಿವೆಯಷ್ಟು, ಟ್ಯೂಬ್‌ಲೈಟಿನ ಕೆಳಗೆ ಹಿಡಿದಳು, ಕಂದು, ಕಂದೇ, ಅಲ್ಲವಾ, ಅಂಚು ಯಾವ ಬಣ್ಣ, ಹೊರಗೆ ಬಾಗಿಲು ತಟ್ಟುತ್ತಿದ್ದಾರೆ, ವಾರಿಜಾ, ಹೌದಾ, ಹೇಳು ಮಾರಾಯ್ತಿ, ಹಿಂದಿನ ಎರಡು ಸಲವೂ ಈ ಬಾಗಿಲಿನ ಆಚೆ ಯಾರೂ ಇರಲಿಲ್ಲ, ಚಿಲಕ ತೆಗೆದಳು, ಕೈ ಚಾಚಿದಳು, ಇದು ಎಂತ ಬಣ್ಣ ಹೇಳಿ, ನನಗೆ ಗೊತ್ತಾಗುದಿಲ್ಲ, ಹೆದರಿಕೆ ಆಗ್ತದೆ. ಇವರು ಟಿಶ್ಯೂ ನೋಡಿದರು, ಅವಳನ್ನು ನೋಡಿದರು, ಕೈಯನ್ನು ಅಂಗಿಗೆ ಎರಡೆರಡು ಸಲ ಒರೆಸಿ ಅದನ್ನು ಎರಡೂ ಅಂಗೈಯಲ್ಲಿ ತೆಗೆದುಕೊಂಡು ಕಿಟಕಿಗೆ ಹೋದರು, ಪರದೆ ಸರಿಸಿದರು, ಬಿಸಿಲು ನುಗ್ಗಿತು, ಕಂದು ಅಂದರು, ಅಂದವರು ತಿರುಗಲಿಲ್ಲ, ಪರದೆಯನ್ನು ಇನ್ನೂ ಸರಿಸಿದರು, ಬಿಳಿಯ ನಡುವೆ ಚುಕ್ಕೆ, ಇವರ ಬೆನ್ನು, ಚುಕ್ಕೆ, ಕಂದು ಅಂದರಲ್ಲ, ಮತ್ತೆ ಯಾಕೆ ನೋಡುತ್ತಾರೆ, ಚುಕ್ಕೆ, ಬಿಳಿಯ ನಡುವೆ, ಚುಕ್ಕೆ