ನೇಣಿನ ಹೆದರಿಕೆ ಯಾರಿಗೆ

ಅತ್ಯಾಚಾರಿಗೆ ನೇಣು ಎಂಬ ಕಾನೂನು ಬೇಕೆಂದು ಜನ ಬೀದಿಗಿಳಿದಾಗ ಭಾವನ ಅಚ್ಚಿನಂಗಡಿಯಲ್ಲಿ ನಮಗೆ ಉಸಿರಾಡಲೂ ಪುರುಸೊತ್ತಿರಲಿಲ್ಲ. ಭಾವ ಎಂದರೆ ನನ್ನ ಗಂಡನ ಅಣ್ಣ. ಮೆರವಣಿಗೆಯವರಿಗೆ ‘ನೇಣೇ ನ್ಯಾಯ’ ಎಂಬ ಬಟ್ಟೆಯ ಬ್ಯಾನರುಗಳನ್ನು ಪುಕ್ಕಟೆ ಮಾಡಿಕೊಟ್ಟ ಮಹಾನುಭಾವ. ಕಾನೂನು ಬಂದ ಮೇಲೂ ವಿಜಯೋತ್ಸವಕ್ಕೆಂದು ಅದೇ ಬ್ಯಾನರು. ಬಟ್ಟೆಯ ಮೇಲೆ ಅಕ್ಷರದ ಜಾಲರಿ ಚೌಕಟ್ಟಿಟ್ಟು, ಬಣ್ಣ ಎಳೆದು ಅಚ್ಚು ಹಾಕುವುದು ನನ್ನ ಕೆಲಸ. ಒದ್ದೆ ಬಟ್ಟೆಯ ಒಂದು ತುದಿ ಭಾವ, ಇನ್ನೊಂದು ತುದಿ ನನ್ನ ತಂಗಿ ಹಿಡಿದು ಒಣಹಾಕುತ್ತಿದ್ದರು. ಅಪ್ಪ ಅಮ್ಮ ಹೋದ ಮೇಲೆ ಅವಳೂ ನಮ್ಮ ಮನೆಯಲ್ಲೇ ಇದ್ದಾಳೆ.

ಒಂದು ದಿನ ಅವಳು ಬಟ್ಟೆ ಮುಟ್ಟಲೇ ಇಲ್ಲ. "ನಾನು ಹಿಡಿಯಲ್ಲ ಅಕ್ಕ" ಎಂದಳು. ಸೋಮಾರಿ ಎಂದು ಗದರಿದೆ. ಭಾವ ಊಟಕ್ಕೆ ಹೋದ ಮೇಲೆ ಬಾಯಿಬಿಟ್ಟಳು. ಕಾನೂನು ಬಂದ ಮೇಲೆಯೇ, ಬಣ್ಣದ ಡಬ್ಬಿಗಳ ಕೋಣೆಯಲ್ಲಿ ಅವನು ಅವಳ ಮೇಲೆ ಬಲಾತ್ಕಾರ ಮಾಡಿದ್ದ. ಆಮೇಲೆ ಪ್ರತಿ ಬ್ಯಾನರು ಹಿಡಿದಾಗಲೂ ಆ ತುದಿಯಿಂದ ಮೆಲ್ಲಗೆ ಹೇಳುತ್ತಿದ್ದನಂತೆ, "ಓದು. ನೀನು ಬಾಯಿಬಿಟ್ರೆ ನನಗೆ ಇದೇ ಗತಿ. ಕೊಂದ ಪಾಪ ನಿನಗೆ."

ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಸಾಲದ್ದಕ್ಕೆ, ಅವನು ಹೆದರಬೇಕಾದ ಕಾನೂನನ್ನೇ ತೋರಿಸಿ ಅವಳನ್ನು ಹೆದರಿಸಿದ್ದ.

ಸಂಜೆ ಎಲ್ಲರನ್ನೂ ಕೂರಿಸಿ ಹೇಳಿದೆ. ಅತ್ತೆ ಅತ್ತರು. "ಮೊದಲಾಗಿದ್ರೆ ಒಂದಷ್ಟು ವರ್ಷ ಒಳಗಿದ್ದು ಬರ್ತಿದ್ದ. ಈಗ ಜೀವಾನೇ ಹೋಗುತ್ತೆ ಕಣಮ್ಮ. ಮನೆ ಮಾತು ಮನೇಲೇ ಇರಲಿ."

"ಕಾಲಿಗೆ ಬೀಳ್ಸೋಣ, ಬೇರೆ ಮನೆ ಮಾಡಿಸೋಣ. ನೇಣು ಅಂದ್ರೆ ಸಣ್ಣ ಮಾತಾ?" ಎಂದರು ನನ್ನ ಗಂಡ.

"ಮೊನ್ನೆ ಮೆರವಣಿಗೇಲಿ ಗಂಟಲು ಹರಿಯೋ ಹಾಗೆ ಕೂಗಿದ್ದು ಯಾರು?"

"ಅದು ಯಾರೋ ಕಂತ್ರಿಗಳಿಗೆ."

"ಎಲ್ಲ ಕಂತ್ರಿಗಳೂ ಯಾರದೋ ಅಣ್ಣಂದಿರೇ ರೀ."

ಭಾವ ತಂಗಿಯ ಮುಂದೆ ಕೈಮುಗಿದ. "ನನ್ನ ಜೀವ ನಿನ್ನ ಕೈಲಿದೆ."

"ಅವಳ ಕೈಲಿ ಏನೂ ಇಲ್ಲ. ಮಾಡಿದ್ದು ನೀನು" ಎಂದೆ. ಮದುವೆಯಾಗಿ ಬಂದಂದಿನಿಂದ ಅವನಿಗೆ ಎದುರು ನಿಂತು ಮಾತಾಡಿದವಳಲ್ಲ ನಾನು. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಮುಚ್ಚಿಕೊಳ್ಳಲಿ.

ಬೆಳಿಗ್ಗೆ ತಂಗಿಯನ್ನು ಕರೆದುಕೊಂಡು ಠಾಣೆಗೆ ಹೋದೆ. ಅಲ್ಲಿನ ಹೆಂಗಸು ಅಧಿಕಾರಿ ಕೆಟ್ಟವಳಲ್ಲ. ಆದರೂ ಮಾಡಿದವನು ಮನೆಯವನೇ ಎಂದಾಗ ಪೆನ್ನು ಕೆಳಗಿಟ್ಟಳು. "ಯೋಚನೆ ಮಾಡಿದ್ದೀರಾ? ಸಾಬೀತಾದ್ರೆ ನೇಣಾಗಬಹುದು. ಮನೆಯವರೇ ಅಂದಾಗ ಈ ಮಾತು ಕೇಳಿ ಎಷ್ಟೋ ಜನ ಎದ್ದು ಹೋಗ್ತಾರೆ."

ತಂಗಿ ನನ್ನ ಮುಖ ನೋಡಿದಳು. "ಅಕ್ಕ, ಅವರನ್ನ ಸಾಯಿಸೋದು ನನಗೆ ಬೇಡ."

"ನನಗೂ ಬೇಡ ಕಣೇ. ಜಡ್ಜ್ ಮುಂದೇನೂ ಅದನ್ನೇ ಹೇಳೋಣ. ಆದ್ರೆ ಅವನು ಬದುಕಲಿ ಅಂತ ನೀನು ದಿನಾ ಸಾಯಬೇಕಾ?"

ನಾನು ಒತ್ತಾಯ ಮಾಡಲಿಲ್ಲ. ಎದ್ದು ಹೋದರೂ ಅವಳ ಹಿಂದೆಯೇ ಹೋಗುವವಳಿದ್ದೆ.

ಅವಳು ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡಳು.

"ಪೆನ್ನು ತಗೊಳ್ಳಿ ಮೇಡಂ. ಅವರು ನಮ್ಮಕ್ಕನ ಭಾವ. ನಾವೆಲ್ಲ ಒಂದೇ ಮನೇಲಿರೋದು."